ಉಡಿಗೆ ಬಂದ ಮಗನಿಗಾಗಿ: ಕಿತ್ತೂರ ಚೆನ್ನಮ್ಮಾಜಿ



ನಮ್ಮ ಸೀಮೆಯಲ್ಲಿ ಮಕ್ಕಳಿಲ್ಲದ ಮನೆಯವರು ಬಂಧುಬಳಗದ ಮಗುವೊಂದನ್ನು ತಂದು ತಮ್ಮದಾಗಿ ಮಾಡಿಕೊಂಡಾಗ ದತ್ತಕವೆಂಬ ಶಾಸ್ತ್ರದ ಮಾತನ್ನು ಹಿರಿಯರು ಬಳಸುವುದು ಕಡಿಮೆ. ಉಡಿಯಲ್ಲಿ ಹಾಕಿಕೊಂಡರು ಎನ್ನುತ್ತಾರೆ. ಆ ಎರಡು ಮಾತಿನಲ್ಲಿ ಎಲ್ಲವೂ ಅಡಗಿದೆ. ಉಡಿಗೆ ಬಿದ್ದ ಮೇಲೆ ಆ ಮಗು ಯಾರ ಹೊಟ್ಟೆಯದು ಎಂದು ಕೇಳುವ ಹಕ್ಕು ಊರಿನವರಿಗೂ ಇಲ್ಲ, ನೆಂಟರಿಗೂ ಇಲ್ಲ. ಹೀಗಿರುವಾಗ ಏಳು ಸಮುದ್ರದಾಚೆಯಿಂದ ತಕ್ಕಡಿ ಹಿಡಿದು ವ್ಯಾಪಾರಕ್ಕೆ ಬಂದವರು ಒಂದು ದಿನ ಆ ಪ್ರಶ್ನೆಯನ್ನು ಕೇಳಿದರು. ಕೇಳಿದ್ದು ಕಿತ್ತೂರಿನಲ್ಲಿ, 1824ರಲ್ಲಿ. ಆ ಪ್ರಶ್ನೆಗೆ ಉತ್ತರ ಕೊಟ್ಟ ತಾಯಿಯ ಚರಿತ್ರೆಯನ್ನು ಈ ವಾರ ಸ್ಮರಿಸೋಣ.

ಕಿತ್ತೂರ ಚೆನ್ನಮ್ಮಾಜಿಯ ಹೆಸರು ಅರಿಯದವರು ನಮ್ಮ ನಾಡಿನಲ್ಲಿ ಇಲ್ಲ. ಕಂಪನಿ ನಾಟಕಗಳಲ್ಲಿ ನೋಡಿದ್ದೀರಿ, ಗೀಗೀ ಮೇಳದವರ ಬಾಯಲ್ಲಿ ಕೇಳಿದ್ದೀರಿ. 1961ರಲ್ಲಿ ಬಂದ ಚಲನಚಿತ್ರದ ಮಾತುಗಳು ಎಷ್ಟೋ ಹಿರಿಯರಿಗೆ ಇನ್ನೂ ಬಾಯಿಪಾಠವಾಗಿವೆ. ಒಳ್ಳೆಯದೇ. ಆದರೆ ರಂಗದ ಮೇಲಿನ ಗುಡುಗು ಮಾತಿನ ಸಪ್ಪಳದಲ್ಲಿ ಆ ತಾಯಿ ಯಾವ ಧರ್ಮಸೂಕ್ಷ್ಮಕ್ಕಾಗಿ ಖಡ್ಗ ಹಿರಿದಳು ಎಂಬುದು ಕೇಳಿಸದೆ ಹೋಗುತ್ತದೆ. ಆದುದರಿಂದ ನಾವು ನಾಟಕದ ಮಾತುಗಳನ್ನು ಬದಿಗಿಟ್ಟು, ನಡೆದ ಸಂಗತಿಯನ್ನಷ್ಟೇ ಹೇಳುತ್ತೇವೆ.

ಬೆಳಗಾವಿಗೆ ಸಮೀಪದ ಕಾಕತಿ ಎಂಬ ಊರಿನಲ್ಲಿ ಧೂಳಪ್ಪ ದೇಸಾಯರ ಮಗಳಾಗಿ 1778ರಲ್ಲಿ ಚೆನ್ನಮ್ಮ ಜನಿಸಿದಳು. ದೇಸಗತಿಯ ಮನೆತನವಾದುದರಿಂದ ಕುದುರೆ ಸವಾರಿ, ಬಿಲ್ಲುವಿದ್ಯೆ, ಕತ್ತಿವರಸೆಗಳನ್ನು ಬಾಲ್ಯದಲ್ಲೇ ಕಲಿತಳು. ಹುಲಿಬೇಟೆಯ ಕಥೆಯೊಂದು ಪ್ರಚಾರದಲ್ಲಿದೆ. ಅದನ್ನು ಲಾವಣಿಕಾರರಿಗೇ ಬಿಡೋಣ. ಕಿತ್ತೂರಿನ ದೇಸಾಯಿ ಮಲ್ಲಸರ್ಜನ ಕೈಹಿಡಿದು ಅರಮನೆಗೆ ಬಂದಳು. ಹಿರಿಯ ರಾಣಿ ರುದ್ರಮ್ಮ ಆಗಲೇ ಇದ್ದಳು. ಸವತಿಯರಿರುವ ಮನೆಯ ಸುಖದುಃಖ ಬಲ್ಲ ಹಿರಿಯ ತಾಯಂದಿರಿಗೆ ಮುಂದಿನ ಮಾತಿನ ಬೆಲೆ ತಿಳಿದೀತು. ಚೆನ್ನಮ್ಮನಿಗೆ ಹುಟ್ಟಿದ ಮಗ ಶಿವಬಸವರಾಜ ಎಳವೆಯಲ್ಲಿಯೇ ತೀರಿಕೊಂಡನು. ಮುಂದೆ ಪಟ್ಟಕ್ಕೆ ಬಂದವನು ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ. ಅವನಿಗೂ ಮಕ್ಕಳಾಗದೆ ದತ್ತಕ ಪಡೆದ ಹುಡುಗ ಮಾಸ್ತಮರಡಿಯ ಬಾಳಪ್ಪಗೌಡರ ಮಗ ಶಿವಲಿಂಗಪ್ಪ. ಇದನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಿರಿ. ಚೆನ್ನಮ್ಮಾಜಿ ಯಾರ ಪಟ್ಟಕ್ಕಾಗಿ ಸರ್ವಸ್ವವನ್ನೂ ಕಳೆದುಕೊಂಡಳೋ ಅವನು ಅವಳ ಹೊಟ್ಟೆಯ ಮಗನಲ್ಲ, ಹೊಟ್ಟೆಯ ಮೊಮ್ಮಗನೂ ಅಲ್ಲ. ಸವತಿಯ ಮಗನ ಉಡಿಗೆ ಬಂದ ಮಗ. ತನ್ನ ರಕ್ತದ ಒಂದು ಹನಿಯೂ ಆ ಸಿಂಹಾಸನದ ಮೇಲೆ ಕೂರುವಂತಿರಲಿಲ್ಲ.

ಕಿತ್ತೂರು ಸಂಸ್ಥಾನ ಹುಟ್ಟಿದ್ದು 1585ರಲ್ಲಿ ಎಂದು ಹೇಳುತ್ತಾರೆ. ಸಾಗರದ ಕಡೆಯಿಂದ ಬಂದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಸಹೋದರರು ವಿಜಾಪುರದ ಬಾದಶಹರ ಸೇವೆಯಲ್ಲಿ ಪರಾಕ್ರಮ ತೋರಿ ಪಡೆದ ದೇಸಗತಿ ಅದು. ವೀರಶೈವ ಮನೆತನ. ಮುಂದಿನ ಎರಡೂವರೆ ಶತಮಾನ ಈ ಪುಟ್ಟ ಸಂಸ್ಥಾನ ದೊಡ್ಡ ದೊಡ್ಡ ಗಾಣಗಳ ನಡುವೆ ಸಿಕ್ಕಿದ ಕಾಳಿನಂತೆ ಬದುಕಿತು. ಒಂದು ಕಡೆ ಪೇಶವೆಯರು, ಇನ್ನೊಂದು ಕಡೆ ಮೈಸೂರಿನ ಟಿಪ್ಪು ಸುಲ್ತಾನ. ಮಲ್ಲಸರ್ಜ ಟಿಪ್ಪುವಿನ ಸೆರೆಯನ್ನೂ ಕಂಡನು, ಪೇಶವೆಯ ಸೆರೆಯನ್ನೂ ಕಂಡನು. 1809ರಲ್ಲಿ ಪೇಶವೆಗೆ ವರ್ಷಕ್ಕೆ 1,75,000 ರೂಪಾಯಿ ಕಪ್ಪ ಕೊಡಲು ಒಪ್ಪಿದ ಮೇಲೂ ಪುಣೆಯಲ್ಲಿ ಬಂಧನದಲ್ಲಿರಬೇಕಾಯಿತು. ಮರಣಾಸನ್ನನಾದ ಮೇಲೆ ಬಿಡುಗಡೆ ಹೊಂದಿ 1816ರಲ್ಲಿ ಲಿಂಗೈಕ್ಯನಾದನು.

ಪೇಶವೆಯ ಮೇಲಿನ ಈ ನೋವೇ ಕಿತ್ತೂರನ್ನು ಆಂಗ್ಲರ ಪಕ್ಕಕ್ಕೆ ತಳ್ಳಿತು. 1818ರಲ್ಲಿ ಥಾಮಸ್ ಮನ್ರೋ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಶಿವಲಿಂಗರುದ್ರಸರ್ಜ ಅವನಿಗೆ ಸಹಾಯ ಮಾಡಿದನು. ಅದಕ್ಕೆ ಪ್ರತಿಯಾಗಿ ಕಂಪನಿ ಸರಕಾರ ಸನದು ಬರೆದುಕೊಟ್ಟಿತು. ಸಂಸ್ಥಾನ ವಂಶಪಾರಂಪರ್ಯವಾಗಿ ನಡೆಯತಕ್ಕದ್ದು. ವರ್ಷವರ್ಷವೂ ಕಪ್ಪ ಸಲ್ಲತಕ್ಕದ್ದು. ಖಾನಾಪುರ ಕಂಪನಿಗೆ ಬಿಡತಕ್ಕದ್ದು. ಆ ಕಾಗದದ ಮೇಲಿನ ಶಾಯಿ ಒಣಗಿ ಆರು ವರ್ಷವೂ ತುಂಬಲಿಲ್ಲ. ಇದನ್ನು ಹೇಳದೆ ಹೋದರೆ ಚರಿತ್ರೆಗೆ ನ್ಯಾಯ ಸಲ್ಲದು. ಆಂಗ್ಲರನ್ನು ಮನೆಗೆ ಕರೆದವರಲ್ಲಿ ನಮ್ಮವರೂ ಇದ್ದರು.

1824ರ ಸೆಪ್ಟೆಂಬರ್ 11ರಂದು ಶಿವಲಿಂಗರುದ್ರಸರ್ಜ ಲಿಂಗೈಕ್ಯನಾದನು. ಅದಕ್ಕೆ ಮೊದಲೇ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡು, ಆ ಸಂಗತಿಯನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಪತ್ರಮುಖೇನ ತಿಳಿಸಲಾಗಿತ್ತು. ಪತ್ರದ ಮೇಲಿನ ತಾರೀಖು ಜುಲೈ ತಿಂಗಳದ್ದು. ಥ್ಯಾಕರೆಯ ಕೈಸೇರಿದ್ದು ಸೆಪ್ಟೆಂಬರ್ 12ರಂದು. ಅವನಿಗೆ ಅಷ್ಟೇ ಸಾಕಾಯಿತು. ಧಾರವಾಡದಿಂದ ವೈದ್ಯನೊಬ್ಬನನ್ನು ಕಿತ್ತೂರಿಗೆ ಅಟ್ಟಿದನು. ಅವನು ಬಂದು ನೋಡುವಷ್ಟರಲ್ಲಿ ದೇಸಾಯಿ ಇರಲಿಲ್ಲ. ಪತ್ರದ ರುಜು ಸಂಶಯಾಸ್ಪದ, ಸಾಯುವ ಗಳಿಗೆಯಲ್ಲಿ ಮಾಡಿದ ದತ್ತಕ ದತ್ತಕವಲ್ಲ, ಕಂಪನಿಯ ಅಪ್ಪಣೆ ಇಲ್ಲದೆ ವಾರಸುದಾರನನ್ನು ಮಾಡಿಕೊಳ್ಳಲು ಬರುವುದಿಲ್ಲ ಎಂಬ ತಕರಾರುಗಳನ್ನು ಒಂದರ ಹಿಂದೊಂದು ತೆಗೆದನು. ಅರಮನೆಯ ಖಜಾನೆಗೆ ಬೀಗಮುದ್ರೆ ಹಾಕಿಸಿದನು. ಅದರಲ್ಲಿ 15 ಲಕ್ಷ ರೂಪಾಯಿಗೆ ಮಿಕ್ಕಿದ ದ್ರವ್ಯವಿತ್ತು. ತಕರಾರಿನ ಬೇರು ಎಲ್ಲಿತ್ತೆಂದು ಇನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಸಾವಾಗಿರುವಾಗ ಪೆಟ್ಟಿಗೆಯ ಕೀಲಿಕೈ ಕೇಳುವ ನೆಂಟರನ್ನು ನಾವೆಲ್ಲ ಕಂಡವರೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ದತ್ತಕವೆಂದರೆ ಆಸ್ತಿ ಹಂಚಿಕೊಳ್ಳುವ ಒಂದು ಉಪಾಯವೆಂದು ಕಲೆಕ್ಟರನು ತಿಳಿದಂತೆ ಇಂದಿನ ಓದಿದವರಲ್ಲಿಯೂ ಅನೇಕರು ತಿಳಿಯುತ್ತಾರೆ. ವೀರಶೈವ ಧರ್ಮದಲ್ಲಿ ಇದರ ಅರ್ಥ ಆಳವಾದುದು. ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿರಿಸಿ ಇಷ್ಟಲಿಂಗವನ್ನು ಅಂಗೈಗೆ ಕೊಟ್ಟಾಗ ಅವನ ಪೂರ್ವಾಶ್ರಯ ಕಳೆದು ಹೋಗುತ್ತದೆ. ಅವನು ಗುರುಕರಕಮಲಸಂಜಾತ, ಗುರುವಿನ ಕೈಯೆಂಬ ತಾವರೆಯಲ್ಲಿ ಹುಟ್ಟಿದವನು. ತಾಯಿಯ ಗರ್ಭದಿಂದ ಬಂದುದು ಮೊದಲ ಜನ್ಮ, ಕೈಯಿಂದ ಬಂದುದು ಎರಡನೆಯದು, ಎರಡನೆಯದೇ ಹಿರಿದು. ನಮ್ಮ ಮಠಪೀಠಗಳ ಶಿಷ್ಯಪರಂಪರೆ ನಡೆದು ಬಂದಿರುವುದು ಹೇಗೆ? ಪಟ್ಟಾಧಿಕಾರವಾದಾಗ ಹೊಸ ಮೂರ್ತಿಗಳು ಹಿಂದಿನ ಗುರುಗಳ ಕರಸಂಜಾತರೆಂದೇ ಪರಂಪರೆಯಲ್ಲಿ ಸೇರುತ್ತಾರೆ. ನಾವು ಈ ಪೀಠದ ಮೇಲೆ ಕುಳಿತಿರುವುದೂ ಅದೇ ನ್ಯಾಯದಿಂದ. ಕೈಯಿಂದ ಹುಟ್ಟಿದವನು ಮಗನಲ್ಲವೆಂದು ಯಾವನಾದರೂ ಅಧಿಕಾರಿ ಹೇಳಿದರೆ ಆ ಮಾತು ಒಂದು ದೇಸಗತಿಗೆ ನಿಲ್ಲುವುದಿಲ್ಲ. ಅದು ಗುರುಪರಂಪರೆಯ ಬುಡಕ್ಕೇ ಇಟ್ಟ ಕೊಡಲಿ. ಥ್ಯಾಕರೆಗೆ ಇದು ತಿಳಿದಿತ್ತೆಂದು ನಾವು ಹೇಳುವುದಿಲ್ಲ. ಕಿತ್ತೂರಿನ ಜನ ಏಕೆ ಅಷ್ಟು ಉರಿದೆದ್ದರೆಂದು ತಿಳಿಯಬೇಕಾದರೆ ಇದನ್ನು ನಾವಾದರೂ ತಿಳಿದಿರಬೇಕು.

ಇನ್ನೊಂದು ಹಳೆಯ ಸಂಗತಿ. ನೂರಮೂವತ್ತು ವರ್ಷ ಹಿಂದಕ್ಕೆ ಮಲೆನಾಡಿನ ಕೆಳದಿಯಲ್ಲಿ ಇದೇ ಹೆಸರಿನ ಇನ್ನೊಬ್ಬ ವೀರಶೈವ ರಾಣಿ ಆಳಿದ್ದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಕೆಳದಿಯ ಚೆನ್ನಮ್ಮಾಜಿ. ಅವಳಿಗೂ ಮಕ್ಕಳಿರಲಿಲ್ಲ. ಬಸಪ್ಪನಾಯಕನೆಂಬವನನ್ನು ದತ್ತಕ ಪಡೆದಳು. ಅವನೇ ಮುಂದೆ ಅರಸನಾಗಿ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಉಡಿಗೆ ಬಂದ ಮಗ ಮನೆತನದ ಹೆಸರನ್ನು ಹೇಗೆ ಬೆಳಗಿಸಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕೆಳದಿಗೆ ನಡೆದದ್ದು ಕಿತ್ತೂರಿಗೆ ಏಕೆ ನಡೆಯಲಿಲ್ಲ? ಕಾಲ ಬದಲಾಗಿತ್ತು. ರಾಜ್ಯಗಳನ್ನು ಲೆಕ್ಕದ ಪುಸ್ತಕದಲ್ಲಿ ಬರೆದು ಅಳಿಸುವ ವರ್ತಕರು ಬಂದು ಕುಳಿತಿದ್ದರು.

ಚೆನ್ನಮ್ಮಾಜಿಗೆ ಆಗ ನಲವತ್ತಾರು ವರ್ಷ. ಎಂಟು ವರ್ಷಗಳಿಂದ ಗಂಡನಿಲ್ಲದವಳು. ಆ ಕಾಲದ ಅನೇಕ ಮನೆಗಳಲ್ಲಿ ವಿಧವೆಗೆ ಕತ್ತಲೆ ಕೋಣೆಯೇ ಗತಿಯಾಗಿತ್ತು. ಶುಭಕಾರ್ಯದಲ್ಲಿ ಅವಳ ಮುಖ ಕಾಣಬಾರದಾಗಿತ್ತು. ಇವಳು ದರ್ಬಾರಿನಲ್ಲಿ ಕುಳಿತು ಕಂಪನಿಯೊಡನೆ ಪತ್ರವ್ಯವಹಾರ ನಡೆಸಿದಳು, ಸರದಾರರನ್ನು ಕರೆಸಿ ಆಲೋಚಿಸಿದಳು, ಯುದ್ಧದ ದಿನ ಕುದುರೆ ಏರಿದಳು. ಇದು ಹೇಗೆ ಸಾಧ್ಯವಾಯಿತೆಂದು ಕೇಳುವವರಿಗೆ ನಮ್ಮ ಉತ್ತರ ಸರಳವಾಗಿದೆ. ಲಿಂಗಧಾರಿಗೆ ಸೂತಕವಿಲ್ಲ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಶರಣರು ಕಳೆದೊಗೆದರು. ಎದೆಯ ಮೇಲಿನ ಲಿಂಗಕ್ಕೆ ಮುತ್ತೈದೆ, ವಿಧವೆ ಎಂಬ ಭೇದ ತಿಳಿಯದು. ಇಂದಿಗೂ ಮದುವೆ ಮನೆಯಲ್ಲಿ ವಿಧವೆಯಾದ ತಾಯಿಯನ್ನು ಮೂಲೆಗೆ ಕೂರಿಸುವ ಭಕ್ತರಿದ್ದಾರೆ. ಕೊರಳಲ್ಲಿ ಲಿಂಗವೂ ಇರುತ್ತದೆ, ಗೋಡೆಯ ಮೇಲೆ ಚೆನ್ನಮ್ಮಾಜಿಯ ಪಟವೂ ಇರುತ್ತದೆ. ಇರಲಿ, ಆ ಮಾತನ್ನು ಇನ್ನೊಂದು ವಾರ ಆಡೋಣ.

ಯುದ್ಧ ಬೇಡವೆಂದೇ ಆಕೆ ಮೊದಲು ಬಯಸಿದಳು. ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ನ ತನಕ ಅಹವಾಲು ಹೋಯಿತು. ದತ್ತಕವನ್ನು ಮನ್ನಿಸಿರಿ, ಸನದಿನ ಮಾತನ್ನು ಉಳಿಸಿರಿ ಎಂಬುದಷ್ಟೇ ಅದರ ಸಾರ. ಫಲವಾಗಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ಥ್ಯಾಕರೆ ತೋಪುಗಳ ಸಮೇತ ಬಂದು ಕಿತ್ತೂರಿನ ಬಳಿ ಬಿಡಾರ ಹೂಡಿದನು. ಆ ತಿಂಗಳ 23ನೆಯ ತಾರೀಖು ಬೆಳಿಗ್ಗೆ ಕೋಟೆಯ ಬಾಗಿಲು ಮುಚ್ಚಿತ್ತು. ಇಷ್ಟು ನಿಮಿಷದೊಳಗೆ ತೆರೆಯದಿದ್ದರೆ ತೋಪಿನಿಂದ ಒಡೆಯುವುದಾಗಿ ಅವನು ಗಡುವು ಕೊಟ್ಟನು. ಗಡುವು ಮುಗಿಯುವಷ್ಟರಲ್ಲಿ ಬಾಗಿಲು ತಾನಾಗಿಯೇ ತೆರೆಯಿತು. ಒಳಗಿನಿಂದ ಸರದಾರ ಗುರುಸಿದ್ಧಪ್ಪನ ನೇತೃತ್ವದಲ್ಲಿ ಕಿತ್ತೂರಿನ ಬಂಟರು ಏರಿಯೊಡೆದ ಕೆರೆಯ ನೀರಿನಂತೆ ನುಗ್ಗಿ ಬಂದರು. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದನು. ಬ್ಲ್ಯಾಕ್, ಸೀವೆಲ್, ಡೈಟನ್ ಎಂಬ ಸೇನಾಧಿಕಾರಿಗಳೂ ಮಡಿದರು. ಕಂಪನಿಯ ದಂಡು ದಿಕ್ಕಾಪಾಲಾಯಿತು. 1857ರ ದಂಗೆ ಆಗಿನ್ನೂ ಮೂವತ್ತಮೂರು ವರ್ಷ ಮುಂದಿನ ಮಾತು.

ಅಂದು ಕಿತ್ತೂರಿನ ಕಡೆ ಹೋರಾಡಿದವರಲ್ಲಿ ಯಾರು ಯಾರಿದ್ದರೆಂದು ನೋಡಿರಿ. ಲಿಂಗವಂತ ಸರದಾರರಿದ್ದರು, ಸಂಗೊಳ್ಳಿಯ ಕುರುಬರ ರಾಯಣ್ಣನಿದ್ದನು, ಮುಸಲ್ಮಾನ ಬಂಟರಿದ್ದರು, ಕಾಡಿನ ಸಿದ್ದಿಗಳನ್ನೂ ಜನಪದರು ಮರೆತಿಲ್ಲ. ಶಿವಲಿಂಗಪ್ಪನ ದತ್ತಕದಿಂದ ಇವರಲ್ಲಿ ಹೆಚ್ಚಿನವರಿಗೆ ಒಂದು ಗುಂಟೆ ಹೊಲವೂ ಹೆಚ್ಚಾಗುತ್ತಿರಲಿಲ್ಲ.

ಆ ದಿನ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ತರುಣ ಅಧಿಕಾರಿಗಳು ಸೆರೆಸಿಕ್ಕರು. ಥ್ಯಾಕರೆಯ ಕೈಕೆಳಗಿನ ಸಹಾಯಕರು. ಊರು ರೊಚ್ಚಿಗೆದ್ದಿತ್ತು, ಅವರ ಕೊರಳು ಕತ್ತರಿಸಿದ್ದರೆ ಆ ಗಳಿಗೆಯಲ್ಲಿ ಬೇಡವೆನ್ನುವವರು ಯಾರೂ ಇರುತ್ತಿರಲಿಲ್ಲ. ಚೆನ್ನಮ್ಮಾಜಿ ಅವರ ಪ್ರಾಣ ಉಳಿಸಿದಳು. ಒಂದು ತಿಂಗಳಿಗೂ ಹೆಚ್ಚು ಕಾಲ ಅವರು ಕೋಟೆಯೊಳಗೆ ಇದ್ದರು, ಜೀವಸಹಿತ ಹೊರಗೆ ಬಂದರು. ಅವರಲ್ಲಿ ಎಲಿಯಟ್‌ನಿಗೆ ಆಗ ಇಪ್ಪತ್ತೊಂದು ವರ್ಷ. ಈ ಹುಡುಗ ಮುಂದೆ ಏನಾದನೆಂಬುದನ್ನು ನಮ್ಮ ಭಕ್ತರಲ್ಲಿ ಬಹಳ ಜನ ಕೇಳಿರಲಾರರು. ಇವನೇ ಸರ್ ವಾಲ್ಟರ್ ಎಲಿಯಟ್. ಧಾರವಾಡ ಸೀಮೆಯ ಊರೂರು ತಿರುಗಿ ಗುಡಿಗಳ ಕಲ್ಲುಗಳ ಮೇಲಿನ ಹಳಗನ್ನಡ ಶಾಸನಗಳನ್ನು ಪ್ರತಿ ಮಾಡಿಸಿದನು. 595 ಶಾಸನಗಳ ಸಂಗ್ರಹ ಅವನದು. ಚಾಲುಕ್ಯರು ಯಾರು, ಎಂದು ಆಳಿದರು, ಯಾವ ಗುಡಿಗೆ ಯಾರು ದತ್ತಿ ಬಿಟ್ಟರು ಎಂಬುದನ್ನು ವಿದ್ವಾಂಸರು ಮೊದಲು ಕಟ್ಟಿ ನಿಲ್ಲಿಸಿದ್ದು ಹೆಚ್ಚಾಗಿ ಆ ಸಂಗ್ರಹದ ಬಲದಿಂದ. ಕಾಳಾಮುಖ ಯತಿಗಳ ಕಾಲುಹಾದಿ ಹುಡುಕುವ ನಮ್ಮ ಪಂಡಿತರೂ ಅವನಿಗೆ ಋಣಿಗಳೇ. ಕಿತ್ತೂರಿನ ಕತ್ತಿ ಅಂದು ಒಂದು ಗೇಣು ಕೆಳಗಿಳಿದಿದ್ದರೆ ಆ ಕೆಲಸ ಯಾವಾಗ ಯಾರಿಂದ ನಡೆಯುತ್ತಿತ್ತೋ ಶಿವನೇ ಬಲ್ಲ. ಆ ತಾಯಿಗೆ ಇದಾವುದೂ ಗೊತ್ತಿರಲಿಲ್ಲ. ಕೈಯಲ್ಲಿ ಸಿಕ್ಕ ಶತ್ರುವಿನ ಮಗನೂ ಯಾವಳೋ ಒಬ್ಬ ತಾಯಿಯ ಮಗನೆಂಬುದು ಮಾತ್ರ ಗೊತ್ತಿತ್ತು.

ಸುದ್ದಿ ಮುಟ್ಟಿದೊಡನೆ ದಕ್ಷಿಣದ ಕಮಿಷನರ್ ಚಾಪ್ಲಿನ್ ನಾಲ್ಕೂ ಕಡೆಯಿಂದ ಸೈನ್ಯ ಕರೆಸಿದನು. ಜೊತೆಗೆ ಜಾಹೀರನಾಮೆಯೊಂದನ್ನು ಹೊರಡಿಸಿದನು. ಸೆರೆಯಾಳುಗಳನ್ನು ಬಿಟ್ಟುಕೊಟ್ಟು ಶರಣಾದರೆ ಸರದಾರ ಗುರುಸಿದ್ಧಪ್ಪನ ಹೊರತು ಉಳಿದವರಿಗೆ ಕ್ಷಮೆ ಸಿಗುವುದೆಂದು ಅದರ ತಾತ್ಪರ್ಯ. ಡಿಸೆಂಬರ್ 2ರಂದು ಚೆನ್ನಮ್ಮಾಜಿ ಇಬ್ಬರನ್ನೂ ಬಿಡುಗಡೆ ಮಾಡಿ ಕಳುಹಿಸಿದಳು. ಕೈಯಲ್ಲಿದ್ದ ಏಕೈಕ ಒತ್ತೆಯನ್ನು ಕೊಟ್ಟುಬಿಟ್ಟಳು. ಸಂಸ್ಥಾನ ಇದ್ದಂತೆ ಉಳಿದೀತೆಂಬ ಆಸೆ ಆಕೆಗಿತ್ತು. ಕಂಪನಿಯವರು ಕೋಟೆಯನ್ನೇ ಒಪ್ಪಿಸಬೇಕೆಂದು ಪಟ್ಟು ಹಿಡಿದರು. ಮರುದಿನವೇ ತೋಪುಗಳು ಮಾತಾಡತೊಡಗಿದವು.

ಇದನ್ನು ರಾಜಕಾರಣದ ಲೆಕ್ಕದಲ್ಲಿ ತೂಗುವವರು ತಾಯಿ ದುಡುಕಿದಳು, ಒತ್ತೆಯಾಳುಗಳನ್ನು ಬಿಡಬಾರದಾಗಿತ್ತು ಎನ್ನುತ್ತಾರೆ. ವಿದ್ಯಾವಂತರ ಬಾಯಿಂದಲೂ ಈ ಮಾತನ್ನು ಕೇಳಿದ್ದೇವೆ. ನಮಗೆ ಒಪ್ಪಿಗೆಯಿಲ್ಲ. ಇಬ್ಬರು ನಿರಾಯುಧ ಹುಡುಗರನ್ನು ಗೋಡೆಯ ಮೇಲೆ ನಿಲ್ಲಿಸಿ ರಾಜ್ಯ ಉಳಿಸಿಕೊಂಡಿದ್ದರೆ ಆಕೆ ಯಾವ ಕಾರಣಕ್ಕಾಗಿ ಹೋರಾಟಕ್ಕೆ ಇಳಿದಳೋ ಆ ಕಾರಣವೇ ಸತ್ತುಹೋಗುತ್ತಿತ್ತು. ಸನದಿನ ಮಾತನ್ನು ಮುರಿದರೆಂಬುದೇ ಅವಳ ದೂರು. ಮಾತು ಮುರಿದವರೊಡನೆ ತಾನೂ ಮಾತು ಮುರಿದು ವ್ಯಾಪಾರ ಮಾಡಲು ಆಕೆ ಒಪ್ಪಲಿಲ್ಲ.

ಎರಡನೆಯ ಯುದ್ಧದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರನಾಗಿದ್ದ ಮನ್ರೋ ಎಂಬವನು ಬಿದ್ದನು. ಆರು ವರ್ಷದ ಹಿಂದೆ ಕಿತ್ತೂರಿನ ಸಹಾಯ ಪಡೆದು ಬೆಳಗಾವಿ ಗೆದ್ದ, ಆಗ ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋನ ರಕ್ತಸಂಬಂಧಿ ಅವನು. ಕೋಟೆಯ ಗೋಡೆ ತೋಪಿನ ಏಟಿಗೆ ಬಿರಿಯಿತು. ಮಲ್ಲಪ್ಪಶೆಟ್ಟಿ, ವೆಂಕಟರಾಯ ಎಂಬಿಬ್ಬರು ಒಳಗಿದ್ದೇ ದ್ರೋಹ ಬಗೆದರು, ಮದ್ದಿನಲ್ಲಿ ಸಗಣಿ ಬೆರೆಸಿದರು ಎಂದು ಲಾವಣಿಗಳು ಹಾಡುತ್ತವೆ. ಮದ್ದಿನ ಮಾತು ಹೇಗೇ ಇರಲಿ, ಒಳಗಿನವರು ಕೈಕೊಡದೆ ಹೊರಗಿನವರು ಕೋಟೆ ಹೊಕ್ಕ ಉದಾಹರಣೆ ಈ ನಾಡಿನಲ್ಲಿ ಅಪರೂಪ. ಡಿಸೆಂಬರ್ 5ರಂದು ಕಿತ್ತೂರು ಬಿತ್ತು. ಗುರುಸಿದ್ಧಪ್ಪನೂ ಕೈಸೆರೆಯಾದನು. ಚೆನ್ನಮ್ಮಾಜಿಯನ್ನೂ, ಶಿವಲಿಂಗರುದ್ರಸರ್ಜನ ಮಡದಿ ವೀರಮ್ಮನನ್ನೂ, ಅರಮನೆಯ ಜಾನಕಿಬಾಯಿಯನ್ನೂ ಬೈಲಹೊಂಗಲಕ್ಕೆ ಒಯ್ದು ಕಾವಲಿನಲ್ಲಿ ಇಟ್ಟರು.

ಕಿತ್ತೂರಿಗೆ ಹೋದವರು ಮುರಿದ ಅರಮನೆಯನ್ನು ನೋಡಿದ್ದೀರಿ. ಧ್ರುವನಕ್ಷತ್ರ ಕಾಣುವಂತೆ ಗೋಡೆಯಲ್ಲಿ ಕೊರೆದ ಕಿಂಡಿಯನ್ನು ಕಾವಲುಗಾರರು ತೋರಿಸುತ್ತಾರೆ. ಮಾಳಿಗೆ ಹೋಯಿತು, ಕಂಬಗಳು ಹೋದವು, ಕಿಂಡಿ ಉಳಿಯಿತು.

ಬೈಲಹೊಂಗಲದ ಸೆರೆವಾಸ ನಾಲ್ಕು ವರ್ಷಕ್ಕೂ ಮಿಕ್ಕಿ ನಡೆಯಿತು. ಆ ದಿನಗಳ ಬಗ್ಗೆ ಬರೆದಿಟ್ಟದ್ದು ಅಲ್ಪ. ಲಿಂಗಪೂಜೆ, ಪುರಾಣಶ್ರವಣಗಳಲ್ಲಿ ಆಕೆ ಕಾಲ ಕಳೆದಳೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಸಂಗೊಳ್ಳಿ ರಾಯಣ್ಣ ವೇಷ ಮರೆಸಿಕೊಂಡು ಬಂದು ಕಂಡು ಹೋಗುತ್ತಿದ್ದನೆಂದೂ ಹೇಳುತ್ತಾರೆ. ನಂಬಲು ಅಡ್ಡಿಯಿಲ್ಲ, ಬಂದಿರಬಹುದು. ಕೋಟೆ, ಖಜಾನೆ, ಪರಿವಾರ ಎಲ್ಲವೂ ಹೋದ ಮೇಲೆ ಅಂಗೈಯ ಲಿಂಗವೊಂದನ್ನು ಕಂಪನಿ ಸರಕಾರ ಜಪ್ತಿ ಮಾಡಲು ಬರುವಂತಿರಲಿಲ್ಲ. 1829ರ ಫೆಬ್ರವರಿ ತಿಂಗಳಲ್ಲಿ ಆ ಸೆರೆಯಲ್ಲಿಯೇ ಚೆನ್ನಮ್ಮಾಜಿ ಲಿಂಗೈಕ್ಯಳಾದಳು. ಸಮಾಧಿ ಬೈಲಹೊಂಗಲದಲ್ಲಿದೆ.

ಆಕೆ ಕೇಳಿದ ನ್ಯಾಯ ಅವಳೊಂದಿಗೆ ಮಣ್ಣಾಗಲಿಲ್ಲ. ಕಂಪನಿಯವರು ಕಿತ್ತೂರಿನಲ್ಲಿ ಮಾಡಿದ್ದನ್ನೇ ಮುಂದೆ ಡಾಲ್‌ಹೌಸಿಯ ಕಾಲದಲ್ಲಿ ದೇಶಕ್ಕೆಲ್ಲ ಕಾನೂನು ಮಾಡಿದರು. 1848ರಲ್ಲಿ ಸಾತಾರೆ ಹೋಯಿತು. ಆಮೇಲೆ ಝಾನ್ಸಿ ಹೋಯಿತು. ಎಲ್ಲ ಕಡೆಯೂ ನೆಪ ಒಂದೇ, ಉಡಿಗೆ ಬಂದ ಮಗ ಮಗನಲ್ಲ. ನಮ್ಮ ಮಗ್ಗುಲಿನ ನರಗುಂದದ ಬಾಬಾಸಾಹೇಬ ಭಾಸ್ಕರರಾಯನಿಗೂ ದತ್ತಕದ ಅಪ್ಪಣೆ ಸಿಗಲಿಲ್ಲ. ಅವನು 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದನು. 1857ರ ದಂಗೆ ಅಡಗಿದ ಮೇಲೆ ರಾಣಿ ವಿಕ್ಟೋರಿಯಾಳ ಸರಕಾರ ಸಂಸ್ಥಾನಿಕರ ದತ್ತಕದ ಹಕ್ಕನ್ನು ಒಪ್ಪಿಕೊಳ್ಳಬೇಕಾಯಿತು. ಕಿತ್ತೂರಿನ ವಿಧವೆ 1824ರಲ್ಲಿ ಕೇಳಿದ್ದು ಅಷ್ಟನ್ನೇ. ಅಷ್ಟರಲ್ಲಿ ಎಷ್ಟು ಕೊರಳು ಹೋಗಿದ್ದವು!

ಕಿತ್ತೂರು ಬಿದ್ದು ಸರಿಯಾಗಿ ನೂರು ವರ್ಷಕ್ಕೆ, ಅದೇ ಡಿಸೆಂಬರ್ ತಿಂಗಳಲ್ಲಿ, 1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಮಹಾತ್ಮ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಚೆನ್ನಮ್ಮ ಹುಟ್ಟಿದ ಕಾಕತಿ ಅಲ್ಲಿಂದ ಕೂಗಳತೆಯಲ್ಲಿದೆ. ಅಲ್ಲಿ ಕತ್ತಿಯ ಮಾತು ಬರಲಿಲ್ಲ, ಚರಕದ ಮಾತು ಬಂತು. ಧಾರವಾಡ ತಾಲೂಕಿನ ಗರಗದಲ್ಲಿ ಕಿತ್ತೂರಿನ ಅರಮನೆಯವರು ನಡೆದುಕೊಳ್ಳುತ್ತಿದ್ದ ಮಡಿವಾಳೇಶ್ವರರ ಗದ್ದುಗೆಯಿದೆ. ಸ್ವಾತಂತ್ರ್ಯ ಬಂದ ಮೇಲೆ ಅದೇ ಗರಗದ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜದ ಬಟ್ಟೆ ನೇಯತೊಡಗಿದರು. 2007ರ ಸೆಪ್ಟೆಂಬರ್ 11ರಂದು ದೆಹಲಿಯ ಸಂಸತ್ ಭವನದ ಆವರಣದಲ್ಲಿ ಚೆನ್ನಮ್ಮಾಜಿಯ ಮೂರ್ತಿಯನ್ನು ರಾಷ್ಟ್ರಪತಿ ಪ್ರತಿಭಾ ಪಾಟೀಲರು ಅನಾವರಣ ಮಾಡಿದರು. ಶಿವಲಿಂಗರುದ್ರಸರ್ಜ ಲಿಂಗೈಕ್ಯನಾದ ತಾರೀಖೂ ಅದೇ. ಯಾರಾದರೂ ಲೆಕ್ಕ ಹಾಕಿ ಇಟ್ಟರೋ, ಹಾಗೆಯೇ ಕೂಡಿ ಬಂತೋ ಹೇಳಲಾರೆವು. 2024ರಲ್ಲಿ ಕಿತ್ತೂರಿನ ವಿಜಯಕ್ಕೆ 200 ವರ್ಷ ತುಂಬಿ ಉತ್ಸವವೂ ನಡೆಯಿತು.

ರಾಯಣ್ಣನ ವಿಷಯ ಒಂದು ಮಾತು ಹೇಳಿ ಮುಗಿಸುತ್ತೇವೆ. ಚೆನ್ನಮ್ಮಾಜಿ ಲಿಂಗೈಕ್ಯಳಾದ ಮರುವರ್ಷವೇ, 1830ರ ಆರಂಭದಲ್ಲಿ, ಅವನು ಬಂಡೆದ್ದನು. ಶಿವಲಿಂಗಪ್ಪನನ್ನು ಗದ್ದುಗೆಯ ಮೇಲೆ ಕೂರಿಸಬೇಕೆಂಬುದು ಅವನ ಹಟ. ತಾಯಿ ಬಿಟ್ಟುಹೋದ ಹಟ ಅದು. ಕಂಪನಿಯ ಕಚೇರಿಗಳಿಗೆ ಬೆಂಕಿಯಿಟ್ಟನು, ಕಾಡು ಹೊಕ್ಕು ಕಾದಿದನು. ಕೆಲವೇ ತಿಂಗಳಲ್ಲಿ ನಾಡಿನವರೇ ಸೇರಿ ಹಿಡಿದುಕೊಟ್ಟರು. 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನನ್ನು ಮಣ್ಣು ಮಾಡಿದ ಜಾಗದಲ್ಲಿ ಸಂಗಡಿಗನೊಬ್ಬ ನೆಟ್ಟನೆಂದು ಜನ ಹೇಳುವ ಆಲದ ಮರ ಹಬ್ಬಿ ನಿಂತಿದೆ. ಮಕ್ಕಳಿಲ್ಲದ ದಂಪತಿಗಳು ಆ ಮರಕ್ಕೆ ಹರಕೆ ಹೊತ್ತು, ಕಟ್ಟಿಗೆಯ ಪುಟ್ಟ ತೊಟ್ಟಿಲುಗಳನ್ನು ಕಟ್ಟಿ ಬರುತ್ತಾರೆ.